ಆರೋ ಒಂಬತ್ತೋ

ಅವರು ಮೊದಲು ತಾವೇ ಕೆಮ್ಮುತ್ತಿದ್ದರು. ರೋಗಿಗೆ ಬೆನ್ನು ಹಾಕಿ, ಕಿಟಕಿಯ ಕಡೆ ತಿರುಗಿ ನಿಂತು, ಎದೆಯ ಆಳದಿಂದ ಎರಡು ಸಲ, ಗಟ್ಟಿಯಾಗಿ. ಅದು ನಿಜವಾದ ಕೆಮ್ಮಲ್ಲ, ಕೆಲಸದ ಕೆಮ್ಮು. ಹಾಗೆಂದು ಆಗ ತಿಳಿದಿದ್ದೆ. ಆಮೇಲೆ ಹತ್ತು ವರ್ಷ ಬೇರೆ ಥರ ತಿಳಿದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕಳೆದ ತಿಂಗಳು ಅವರು ತೀರಿಕೊಂಡರು. ಪೇಪರಿನ ಒಳಪುಟದಲ್ಲಿ ಫೋಟೋ ನೋಡಿ ಗೊತ್ತಾಯಿತು. ಫೋಟೋದಲ್ಲಿದ್ದ ಕನ್ನಡಕ ನನ್ನ ನೆನಪಿನಲ್ಲಿ ಇಲ್ಲ. ನನ್ನ ನೆನಪಿನಲ್ಲಿ ಅವರಿಗೆ ಕನ್ನಡಕವೇ ಇಲ್ಲ, ಆದರೆ ದಿನಕ್ಕೆ ಆರು ಗಂಟೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರಿಗೆ ಐವತ್ತರ ಹತ್ತಿರ ಕನ್ನಡಕ ಇಲ್ಲದಿರುವುದು ಸಾಧ್ಯವೇ? ಹಾಗಾಗಿ ಇಲ್ಲಿ ಬರೆಯುವುದನ್ನೆಲ್ಲ ಒಂದಿಷ್ಟು ಅನುಮಾನದಿಂದಲೇ ಓದಬೇಕು. ನಾನೂ ಹಾಗೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆ. ಜಯನಗರದ ಒಂದು ಸಣ್ಣ ಎದೆರೋಗ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ನಮ್ಮ ಲ್ಯಾಬು. ನಾನು ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಸಂಶೋಧನಾ ಸಹಾಯಕನಾಗಿ ಸೇರಿದ್ದೆ. ಬಿಟಿಎಂ ಲೇಔಟಿನ ರೂಮಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಅವರು ಅಲ್ಲಿನ ಸೀನಿಯರ್ ಟೆಕ್ನಿಷಿಯನ್. ಎಲ್ಲರಿಗೂ ‘ಮೇಡಂ’. ಅವರು ನನ್ನನ್ನು ‘ಎಮ್ಮೆಸ್ಸಿ’ ಎಂದು ಕರೆಯುತ್ತಿದ್ದರು, ‘ಎಮ್ಮೆ’ಯ ಮೇಲೆ ಸ್ವಲ್ಪ ಭಾರ ಹಾಕಿ.

ಬೀಡಿ, ಒಲೆಯ ಹೊಗೆ, ಗಿರಣಿಯ ಧೂಳು ಎಳೆದೂ ಎಳೆದೂ ಉಸಿರಿನ ಕೊಳವೆ ಹಾಳಾದವರು ನಮ್ಮ ರೋಗಿಗಳು. ಅವರಿಗೆ ಉಪ್ಪುನೀರಿನ ಹಬೆ ಎಳೆಸುವುದು, ಅವರು ಕೆಮ್ಮಿ ತೆಗೆದ ಕಫದಲ್ಲಿ ಉರಿಯೂತದ ಗುರುತುಗಳನ್ನು ಅಳೆಯುವುದು ನಮ್ಮ ಕೆಲಸ. ಕೊಳವೆಯ ಗೋಡೆ ಒಳಗೊಳಗೇ ಉರಿಯುತ್ತಿದ್ದರೆ ಬಿಳಿರಕ್ತಕಣಗಳು ಅಲ್ಲಿ ಬಂದು ಜಮಾಯಿಸುತ್ತವೆ. ಅವನ್ನು ಕರೆದು ತರುವ ಒಂದು ಪ್ರೋಟೀನು ಕಫದಲ್ಲಿ ಹೆಚ್ಚಾಗಿ ಸಿಗುತ್ತದೆ. ಮೆಟ್ಟಿಲು ಹತ್ತಲಾಗದ ದಿನ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಗುರುತು ಕಾಣಿಸಿಕೊಳ್ಳುತ್ತದೆ ಎಂಬುದು ನಮ್ಮ ಡಾಕ್ಟರ ನಂಬಿಕೆ. ಅದನ್ನು ಸಾಧಿಸಿ ತೋರಿಸಲೆಂದೇ ಆ ಯೋಜನೆ.

ಮೇಡಂ ಅದನ್ನು ರೋಗಿಗಳಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. “ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ನಾವು ಬೂದಿ ಕೆದಕೋರು.”

ಕೆದಕುವುದಕ್ಕೆ ಮೊದಲು ಬೂದಿ ಸಿಗಬೇಕಲ್ಲ. ಆ ಕಷ್ಟ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ನಮ್ಮ ಜನ ಬಸ್ಸಿನ ಕಿಟಕಿಯಿಂದ ರಸ್ತೆಗೆ ಉಗಿಯುತ್ತಾರೆ, ಆದರೆ ಒಂದು ಕೋಣೆಯಲ್ಲಿ ಕೂರಿಸಿ, ಕೈಗೆ ಡಬ್ಬಿ ಕೊಟ್ಟು, ಎದುರಿಗೆ ಒಬ್ಬ ಹೆಂಗಸು ನಿಂತು ಉಗಿಯಿರಿ ಎಂದರೆ ಮರ್ಯಾದಸ್ಥರಾಗಿಬಿಡುತ್ತಾರೆ. ಗಂಟಲವರೆಗೆ ಬಂದದ್ದನ್ನು ಸದ್ದಿಲ್ಲದೆ ನುಂಗುತ್ತಾರೆ. ಆಮೇಲೆ ನಮಗೆ ಬೇಜಾರಾಗಬಾರದು ಎಂದು ಬಾಯಿಯ ಎಂಜಲನ್ನು ಡಬ್ಬಿಗೆ ಬಿಟ್ಟು ಕೊಡುತ್ತಾರೆ. ಎಂಜಲಿನಲ್ಲಿ ಶ್ವಾಸಕೋಶದ ಸುದ್ದಿ ಇರುವುದಿಲ್ಲ. ಅದನ್ನು ಅಳೆದರೆ ಸಾಯುತ್ತಿರುವವನೂ ಆರೋಗ್ಯವಂತನಂತೆ ಕಾಣುತ್ತಾನೆ. ನಾನು ಸೇರುವ ಮುಂಚೆ ಒಂದಷ್ಟು ತಿಂಗಳು ಹಾಗೇ ಆಗಿತ್ತಂತೆ. ತಾವು ರೋಗಿಗಳಿಗೆ ಕೊಡುತ್ತಿದ್ದ ಔಷಧಿ ಭಾರೀ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಹಿಗ್ಗಿದ್ದರಂತೆ. ಮೇಡಂ ಸ್ಲೈಡು ನೋಡಿ, “ಸಾರ್, ಇದು ಔಷಧಿ ಅಲ್ಲ, ನಾಚಿಕೆ” ಎಂದಿದ್ದರಂತೆ.

ಅಂದಿನಿಂದ ಅವರು ಬೆನ್ನು ತಿರುಗಿಸಿ ಮೊದಲು ತಾವು ಕೆಮ್ಮುವ ಪದ್ಧತಿ ಶುರು ಮಾಡಿದರು.

ಒಬ್ಬರು ರಿಟೈರ್ಡ್ ಹೆಡ್ಮಾಸ್ಟರು ಬರುತ್ತಿದ್ದರು. ಪಂಚೆ, ಕೋಟು, ಕೈಯಲ್ಲಿ ಮಡಿಸಿದ ಕರವಸ್ತ್ರ. ಮೊದಲ ದಿನ ಅರ್ಧ ಗಂಟೆ ಹಬೆ ಎಳೆದರೂ ಡಬ್ಬಿ ಒಣಗಿತ್ತು.

“ತಾಯಿ, ಹೆಂಗಸರ ಮುಂದೆ ಉಗಿಯೋದು ನನ್ನ ಕೈಲಾಗಲ್ಲ” ಎಂದರು.

“ಉಗೀರಿ ಸಾರ್” ಎಂದರು ಮೇಡಂ, ಗೋಡೆಗೆ ಮುಖ ಮಾಡಿಕೊಂಡೇ. “ಬೆಳಿಗ್ಗೆ ನಮ್ಮತ್ತೆ ಹತ್ರ ಉಗಿಸ್ಕೊಂಡೆ, ಹತ್ತು ಗಂಟೆಗೆ ಡಾಕ್ಟ್ರ ಹತ್ರ ಉಗಿಸ್ಕೊಂಡೆ. ಇನ್ನು ನೀವೊಬ್ರು ಬಾಕಿ.”

ಹೆಡ್ಮಾಸ್ಟರು ನಗಲು ಹೋದರು. ನಗು ಕೆಮ್ಮಾಯಿತು, ಕೆಮ್ಮಿನ ಜೊತೆ ಕಫ ಬಂತು. ಅವತ್ತು ಸಿಕ್ಕಿದ್ದು ಆ ವರ್ಷದ ಅತ್ಯುತ್ತಮ ಸ್ಯಾಂಪಲ್ ಎಂದು ಮೇಡಂ ಬಹಳ ದಿನ ಹೇಳುತ್ತಿದ್ದರು, ಯಾರೋ ಮೊದಲ ರ‍್ಯಾಂಕ್ ತೆಗೆದ ಹಾಗೆ.

ಅತ್ತೆಯ ವಿಷಯ ಸುಳ್ಳಲ್ಲ. ಬನಶಂಕರಿ ಎರಡನೇ ಹಂತದ ಅವರ ಮನೆಯಲ್ಲಿ ಮಡಿ ಜೋರು. ಸೊಸೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ ಎಂದು ಅತ್ತೆ ಒಪ್ಪಿಕೊಂಡಿದ್ದರು. ಕಫ ಎಂದು ಒಂದು ದಿನ ಯಾರೋ ಬಾಯಿಬಿಟ್ಟರು. ರಕ್ತವಾದರೆ ಪರವಾಗಿಲ್ಲ, ಕಂಡವರ ಎಂಜಲು ಬಳಿಯುವುದೇ ಎಂದು ರಂಪವಾಯಿತು. ಅಂದಿನಿಂದ ಮೇಡಂ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ಆಮೇಲೆ ಅಡುಗೆಮನೆಗೆ ಹೋಗಬೇಕಿತ್ತು. “ನಮ್ಮತ್ತೆಗೆ ಒಂಚೂರೂ ವ್ಯತ್ಯಾಸ ಗೊತ್ತಿಲ್ಲ” ಎಂದು ಅವರು ದೂರುತ್ತಿದ್ದರು. “ನಾನು ಎಂಜಲು ಮುಟ್ಟೋದೇ ಇಲ್ಲ. ಎಂಜಲು ಬಿಸಾಕ್ತೀನಿ. ಕಫ ಇಟ್ಕೋತೀನಿ.”

ಬಿಸಾಕುವುದನ್ನು ನೋಡಬೇಕಿತ್ತು. ಅವರ ಮನೆಯ ಅಡುಗೆ ಕಟ್ಟೆ ಒಡೆಸಿದಾಗ ಉಳಿದ ಕಡಪ ಕಲ್ಲಿನ ತುಂಡೊಂದನ್ನು ಲ್ಯಾಬಿಗೆ ತಂದಿದ್ದರು. ಅದರ ಮೇಲೆ ಗಾಜಿನ ತಟ್ಟೆ ಇಟ್ಟು, ಚಿಮಟದಲ್ಲಿ ಎಂಜಲನ್ನು ಪಕ್ಕಕ್ಕೆ ಸರಿಸಿ, ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕಾಣುವ ಕಫದ ಗಟ್ಟಿ ತುಣುಕುಗಳನ್ನಷ್ಟೇ ಒಂದೊಂದಾಗಿ ಎತ್ತುತ್ತಿದ್ದರು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವವರ ಕತ್ತು ಹೇಗೆ ಓರೆಯಾಗಿರುತ್ತದೋ ಹಾಗೇ ಓರೆ ಮಾಡಿಕೊಂಡು. ಒಂದು ಸಲ ಅವರ ಕಾಲು ನೆಲದ ಮೇಲಿದ್ದ ಸ್ಯಾಂಪಲ್ ಪೆಟ್ಟಿಗೆಗೆ ತಾಗಿತು. ಪುಸ್ತಕಕ್ಕೆ ಕಾಲು ತಾಗಿದರೆ ಮಾಡುತ್ತೇವಲ್ಲ, ಹಾಗೆ ಬಗ್ಗಿ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ನೋಡಿದ್ದರಿಂದ ಹೇಳಿದೆನೋ, ಹೇಳೀ ಹೇಳೀ ನೋಡಿದ ಹಾಗಾಯಿತೋ, ಈಗ ಗೊತ್ತಾಗುವುದಿಲ್ಲ.

ಅಂಕಿಗಳ ವಿಷಯ ಮಾತ್ರ ಖಚಿತ. ಕಫ ಹಾಕಿ ಫ್ರೀಜರಿನಲ್ಲಿಡುವ ಪ್ಲಾಸ್ಟಿಕ್ ಕೊಳವೆಗಳ ಮುಚ್ಚಳ ಕಿರುಬೆರಳಿನ ಉಗುರಿನಷ್ಟು. ಅದರ ಮೇಲೆ ಇಂಗ್ಲಿಷಿನ ಆರು ಬರೆದರೆ, ತಿರುಗಿಸಿದಾಗ ಒಂಬತ್ತಾಗುತ್ತದೆ. ಕೆಳಗೊಂದು ಗೆರೆ ಎಳೆದರಾಯಿತಲ್ಲ ಎಂದು ನಾನು ಮೊದಲ ವಾರವೇ ಬುದ್ಧಿ ಹೇಳಿದೆ.

“ಫ್ರೀಜರಲ್ಲಿ ಗೆರೆ ಮೊದ್ಲು ಅಳಿಸೋದು, ಎಮ್ಮೆಸ್ಸಿ. ನಮ್ಮ ಅಂಕಿ ಹಾಕಿ. ತಲೆಕೆಳಗಾದ್ರೂ ಸುಳ್ಳು ಹೇಳಲ್ಲ.”

ಹಾಗೆ ನಮ್ಮ ಲ್ಯಾಬಿನ ಕೊಳವೆಗಳಿಗೆಲ್ಲ ಸಿಟಿ ಬಸ್ಸುಗಳ ಬೋರ್ಡಿನ ಹಾಗೆ ಕನ್ನಡ ಅಂಕಿ. ರೋಗಿಗಳಿಗೆ ‘ರೋ’, ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರಿಗೆ ‘ಆ’. ಕನ್ನಡದ ಆರನ್ನು ಹೇಗೆ ತಿರುಗಿಸಿದರೂ ಒಂಬತ್ತಾಗುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಣ್ಣ ಬಾಲ ಎಳೆದರೆ ಆಗುತ್ತದೆ. ಇದು ಆಗ ಯಾರಿಗೂ ಮುಖ್ಯವೆನಿಸಿರಲಿಲ್ಲ.

ಆರೋಗ್ಯವಂತರು ಎಲ್ಲಿಂದ ಬರಬೇಕು? ಆಸ್ಪತ್ರೆಯ ಸಿಬ್ಬಂದಿಯಲ್ಲೇ ಹನ್ನೆರಡು ಜನ ಒಪ್ಪಿಕೊಂಡೆವು. ಒಂದು ಫಾರಂ ತುಂಬಬೇಕಿತ್ತು. ‘ಧೂಮಪಾನ: ಎಂದೂ ಇಲ್ಲ / ಹಿಂದೆ ಇತ್ತು / ಈಗ ಇದೆ.’ ನಾನು ‘ಎಂದೂ ಇಲ್ಲ’ಕ್ಕೆ ಗುರುತು ಹಾಕಿದೆ. ಯೂನಿವರ್ಸಿಟಿಯ ಕ್ಯಾಂಟೀನಿನ ಹಿಂದೆ ಶುರುವಾದದ್ದು ಅಷ್ಟರಲ್ಲಿ ದಿನಕ್ಕೆ ಒಂದು ಪ್ಯಾಕಿಗೆ ಬಂದು ನಿಂತಿತ್ತು. ಎದೆರೋಗದ ಲ್ಯಾಬಿನಲ್ಲಿ ಕೆಲಸ ಮಾಡುವವನು ಸೇದುತ್ತೇನೆ ಎಂದು ಬರೆದುಕೊಡುವುದು ಹೇಗೆ? ದಿನಾ ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿ, ಬಾಯಿಗೆ ಎರಡು ಲವಂಗ ಹಾಕಿಕೊಂಡು ಮಹಡಿ ಹತ್ತುತ್ತಿದ್ದೆ.

“ಏನ್ ಎಮ್ಮೆಸ್ಸಿ, ದಿನಾ ಹಲ್ಲುನೋವಾ?” ಎಂದು ಮೇಡಂ ಒಂದು ದಿನ ಕೇಳಿದರು.

“ಹೂಂ ಮೇಡಂ.”

“ಹಲ್ಲು ತೋರಿಸ್ಬಿಡಿ ಒಂದ್ಸಲ. ಮುಚ್ಚಿಟ್ರೆ ಬೇರು ತಿನ್ನುತ್ತೆ.”

ಅವರು ಹಲ್ಲಿನ ಬಗ್ಗೆಯೇ ಹೇಳಿದ್ದು ಎಂದು ಆಗ ಅಂದುಕೊಂಡೆ. ಬಹುಶಃ ಅಂದುಕೊಳ್ಳಲಿಲ್ಲ.

ನನ್ನದು ‘ಆ ೬’. ಅವರದು ‘ಆ ೯’.

ಪರೀಕ್ಷೆಯ ದಿನ ಗುರುವಾರ. ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲು ಸಾಲಾಗಿ ಸಣ್ಣ ಗುಳಿಗಳು. ಅಂಕಿಯ ಕ್ರಮವಿಲ್ಲದೆ ಪ್ರತಿ ಗುಳಿಗೆ ಒಬ್ಬೊಬ್ಬರ ಕಫದ ತಿಳಿ ಹಾಕಿ, ಯಾರದು ಯಾವ ಗುಳಿಯಲ್ಲಿ ಎಂದು ನಾನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಉರಿಯೂತ ಹೆಚ್ಚಿದ್ದಷ್ಟೂ ಗುಳಿ ಹಳದಿಯಾಗುತ್ತದೆ. ರೋಗಿಗಳ ಸಾಲುಗಳೆಲ್ಲ ನಿರೀಕ್ಷಿಸಿದಂತೆ ಹಳದಿ. ಆರೋಗ್ಯವಂತರ ಸಾಲು ನೀರಿನಂತೆ ತಿಳಿ. ಅದರ ಮಧ್ಯೆ ಒಂದೇ ಒಂದು ಗುಳಿ ಅರಿಶಿನ ಕದಡಿದ ಹಾಗೆ.

ಆ ಬಣ್ಣದ ಅರ್ಥ ಬೇರೆಯವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಈ ಬಣ್ಣದವರು ನಮ್ಮಲ್ಲಿಗೆ ಹೇಗೆ ಬರುತ್ತಾರೆ, ಎರಡು ವಾಕ್ಯದ ನಡುವೆ ಹೇಗೆ ನಿಲ್ಲುತ್ತಾರೆ, ಷರ್ಟಿನ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಹೇಗೆ ಸುಸ್ತಾಗುತ್ತಾರೆ ಎಂದು ದಿನಾ ನೋಡುತ್ತಿದ್ದೆ.

ಮೇಡಂ ಕೊಳವೆಗಳನ್ನು ತೆಗೆದು ನೋಡಿದರು. ಮಂಜು ಕರಗಿ ಎರಡು ಮುಚ್ಚಳಗಳ ಅಂಕಿ ಕದಡಿಹೋಗಿತ್ತು. ಆರೋ ಒಂಬತ್ತೋ ಹೇಳುವಂತಿರಲಿಲ್ಲ. ಸ್ಲೈಡಿನಲ್ಲಾದರೂ ತಿಳಿಯಬೇಕಿತ್ತು, ಆದರೆ ಪೆನ್ಸಿಲಿನಲ್ಲಿ ಬರೆಯಿರಿ ಎಂದು ಅವರು ಎಷ್ಟು ಹೇಳಿದರೂ ಆ ಸಲ ನಾನು ಪೆನ್ನಿನಲ್ಲಿ ಬರೆದಿದ್ದೆ. ಬಣ್ಣ ಹಾಕುವಾಗ ಸ್ಪಿರಿಟ್ಟು ಅದನ್ನು ತೊಳೆದುಹಾಕಿತ್ತು.

“ನಿಮ್ಮ ಪಟ್ಟಿ ನೋಡಿ” ಎಂದರು.

ನೋಟ್‌ಬುಕ್ಕು ಪಕ್ಕದ ಕೋಣೆಯ ಮೇಜಿನ ಮೇಲಿತ್ತು. ನಾನು ಹೋದೆ. ಬಂದೆ.

“ಒಂಬತ್ತು” ಎಂದೆ.

ಹೋದದ್ದು ನೆನಪಿದೆ, ಮೇಜಿನ ಹಸಿರು ರೆಕ್ಸಿನ್ ನೆನಪಿದೆ, ಬಂದು ‘ಒಂಬತ್ತು’ ಎಂದದ್ದು ನೆನಪಿದೆ. ಪುಟದಲ್ಲಿ ಏನು ನೋಡಿದೆ ಎಂಬುದು ಇಲ್ಲ. ಎಷ್ಟು ಹೊತ್ತು ಇದ್ದೆ ಎಂಬುದೂ ಇಲ್ಲ.

“ಒಂಬತ್ತು ಅಂದ್ರೆ ನಾನು” ಎಂದರು ಮೇಡಂ. ಸ್ಟೂಲು ಎಳೆದುಕೊಂಡು ಕೂತರು. ಅವರು ಲ್ಯಾಬಿನಲ್ಲಿ ಕೂತದ್ದನ್ನು ಮೈಕ್ರೋಸ್ಕೋಪಿನ ಮುಂದೆ ಬಿಟ್ಟರೆ ನಾನು ನೋಡಿದ್ದು ಆಗಲೇ. “ನಮ್ಮಮ್ಮ ಹೀಗೇ ಹೋಗಿದ್ದು” ಎಂದರು. “ಹೊಟ್ಟಿನ ಒಲೆ ಊದಿ ಊದಿ. ಕೊನೇಲಿ ಮಲಗೋಕಾಗ್ತಿರ್ಲಿಲ್ಲ. ದಿಂಬು ಪೇರಿಸಿಕೊಂಡು ಕೂತೇ ಇರೋರು. ನಾನೂ ಮದ್ವೆ ತನಕ ಅದೇ ಒಲೆ ಊದಿದೀನಿ.”

ನಾನು ಏನಾದರೂ ಹೇಳಬೇಕಿತ್ತು. “ಟೆಸ್ಟ್ ತಪ್ಪಿರ್ಬಹುದು ಮೇಡಂ” ಎಂದೆ.

“ಇರ್ಬಹುದು. ಸೋಮವಾರ ಇಬ್ರೂ ಇನ್ನೊಂದ್ಸಲ ಕೊಡೋಣ.”

“ಇಬ್ರೂನಾ?”

“ಮುಚ್ಚಳ ಕದಡಿದ್ದು ಎರಡೂ ಅಲ್ವಾ?”

ಆ ನಾಲ್ಕು ದಿನ. ಶುಕ್ರವಾರ ಅವರು ಕಿಟಕಿಯ ಬಳಿ ನಿಂತು ಉಸಿರು ಹಿಡಿದು, ಗೋಡೆ ಗಡಿಯಾರ ನೋಡಿ, ಬಿಟ್ಟು, ಮತ್ತೆ ಹಿಡಿಯುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಶನಿವಾರ ಹೆಡ್ಮಾಸ್ಟರಿಗಾಗಿ ಕೆಮ್ಮಿದಾಗ ಎರಡಕ್ಕೆ ನಿಲ್ಲಿಸದೆ ಮೂರನೆಯದನ್ನು ಕೆಮ್ಮಿ, ಅದೇನೆಂದು ಕೇಳಿಸಿಕೊಳ್ಳುವವರ ಹಾಗೆ ತಲೆ ವಾಲಿಸಿದರು. ಅವರು ತಮ್ಮ ಎದೆಯನ್ನೇ ಕಿವಿಗೊಟ್ಟು ಕೇಳುತ್ತಿದ್ದರು. ನಾನು ರೂಮಿನಲ್ಲಿ ನನ್ನದನ್ನು ಕೇಳುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬರುತ್ತಿದ್ದ ಕೆಮ್ಮಿಗೆ ಅದುವರೆಗೆ ಬೆಂಗಳೂರಿನ ಧೂಳು ಎಂದು ಹೆಸರಿಟ್ಟಿದ್ದೆ. ಈಗ ಎಣಿಸತೊಡಗಿದೆ. ಹೆದರಿಕೆಯಾದಾಗಲೆಲ್ಲ ಸಿಗರೇಟು ಹಚ್ಚುತ್ತಿದ್ದೆ.

ಸೋಮವಾರ ಮೊದಲು ಅವರು ಕೊಟ್ಟರು. ಒಳಗೆ ಯಾರೂ ಬೇಡ ಎಂದರು, ಹದಿನೈದು ನಿಮಿಷದಲ್ಲಿ ಮುಗಿಸಿ ಬಂದರು. ಆಮೇಲೆ ನಾನು ಕುರ್ಚಿಯಲ್ಲಿ ಕೂತೆ. ಉಪ್ಪುನೀರಿನ ಹಬೆ ಗಂಟಲನ್ನು ಕೆರೆಯುತ್ತ ಇಳಿಯಿತು. ಮೇಡಂ ಗೋಡೆಗೆ ತಿರುಗಿ, ಎಲ್ಲರಿಗೂ ಮಾಡುವ ಹಾಗೆ, ಎರಡು ಸಲ ಕೆಮ್ಮಿದರು.

ನನಗೆ ಬಂತು. ಎದೆಯ ಆಳದಿಂದ ಒಂದು ಗಟ್ಟಿ ತುಣುಕು ಕಿತ್ತು ಮೇಲೆ ಬಂದು ನಾಲಗೆಯ ಬುಡದಲ್ಲಿ ನಿಂತಿತು. ಅದರ ಭಾರ ಗೊತ್ತಾಗುತ್ತಿತ್ತು. ಡಬ್ಬಿ ಕೈಯಲ್ಲಿತ್ತು. ಉಗಿದರೆ ಗೊತ್ತಾಗಿಬಿಡುತ್ತದೆ. ಬರೀ ಎದೆಯ ವಿಷಯವಲ್ಲ. ಫಾರಂ, ಲವಂಗ, ಗುರುವಾರದ ‘ಒಂಬತ್ತು’, ಎಲ್ಲ ಆ ತುಣುಕಿನಲ್ಲಿತ್ತು.

ನುಂಗಿದೆ. ಬಾಯಿಯ ನೀರನ್ನು ಡಬ್ಬಿಗೆ ಬಿಟ್ಟೆ. ಮತ್ತೆ ಬಂತು, ಮತ್ತೆ ನುಂಗಿದೆ. ಮೂರು ಸಲ. ಎಷ್ಟು ಜನ ರೋಗಿಗಳ ಮೇಲೆ ಇದಕ್ಕಾಗಿಯೇ ನಾನು ರೇಗಿದ್ದೆ.

ಮೇಡಂ ಡಬ್ಬಿಯನ್ನು ಕಡಪ ಕಲ್ಲಿನ ಹತ್ತಿರ ತೆಗೆದುಕೊಂಡು ಹೋದರು. ತಟ್ಟೆಗೆ ಸುರಿದು ಚಿಮಟದಿಂದ ಬಹಳ ಹೊತ್ತು ಹುಡುಕಿದರು. ಎತ್ತುವಂಥದ್ದು ಏನೂ ಸಿಗಲಿಲ್ಲ. ಆದರೂ ಸ್ಲೈಡು ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರು.

“ಎಂಜಲು” ಎಂದರು.

ಅಷ್ಟೇ. ಗಟ್ಟಿಯಾಗಿಯೂ ಹೇಳಲಿಲ್ಲ. ಅವರ ಅತ್ತೆ ಆ ಪದವನ್ನು ಹೇಗೆ ಹೇಳುತ್ತಿದ್ದರು ಎಂದು ನನಗೆ ಗೊತ್ತಿಲ್ಲ, ಆದರೆ ಮುಟ್ಟಬಾರದ್ದು ಎಂಬ ಅರ್ಥದಲ್ಲಿ ಅದು ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

ರಿಜಿಸ್ಟರಿನಲ್ಲಿ ‘ಆ ೬: ಸ್ಯಾಂಪಲ್ ಸಾಲದು’ ಎಂದು ಬರೆದರು. ತಮ್ಮದರ ಮುಂದೆ ಏನು ಬರೆದರೋ ನಾನು ನೋಡಲಿಲ್ಲ. ಮುಖ ನೋಡಿ ಊಹಿಸೋಣವೆಂದರೆ ಮಾಸ್ಕು ಕಟ್ಟಿದ್ದರು. ಕೇಳುವ ಧೈರ್ಯ ನನಗಿರಲಿಲ್ಲ. ಕೈ ತೊಳೆಯುತ್ತ ಅವರೇ ಹೇಳಿದರು, ನಲ್ಲಿಯ ಸದ್ದಿನ ನಡುವೆ: “ನಂದು ನಾನು ನೋಡ್ಕೊಂಡೆ. ನಿಮ್ದು ನೀವೇ ನೋಡ್ಕೋಬೇಕು.”

ಡಾಕ್ಟರು ಗೊಂದಲದ ಸ್ಯಾಂಪಲ್ಲುಗಳೆಂದು ಆರು, ಒಂಬತ್ತು ಎರಡನ್ನೂ ಪಟ್ಟಿಯಿಂದ ತೆಗೆದರು. ಮೇಡಂ ಅವರಿಗೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ನನಗೆ ಕೆಲಸ ಇರುತ್ತಿರಲಿಲ್ಲ. ಆರು ವಾರಗಳಲ್ಲಿ ನಾನೇ ಬಿಟ್ಟೆ. ಜೆಪಿ ನಗರದಲ್ಲಿ ಲ್ಯಾಬ್ ಸಾಮಾನು ಮಾರುವ ಕಂಪನಿಯೊಂದನ್ನು ಸೇರಿಕೊಂಡೆ. ಹೊರಡುವ ದಿನ ಅವರು ನನ್ನ ಕೈಗೆ ಒಂದು ಪೆನ್ಸಿಲ್ ಕೊಟ್ಟರು. “ಮುಂದೆ ಬರೆಯೋದು ಇದ್ರಲ್ಲೇ ಬರೀರಿ, ಎಮ್ಮೆಸ್ಸಿ.”

ಆ ಹತ್ತು ವರ್ಷದಲ್ಲಿ ಅವರನ್ನು ನೋಡಿದ್ದು ಒಂದೇ ಸಲ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ, ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ನಾನು ಕಂಬದ ಮರೆಗೆ ಸರಿದೆ. ಮಾತಾಡಿಸಲು ಮುಜುಗರ ಎಂದು ಹೇಳಿಕೊಂಡೆ, ಆದರೆ ನಾನು ಮಾಡುತ್ತಿದ್ದದ್ದು ಎಣಿಕೆ. ಎಂಟು, ಒಂಬತ್ತು, ಹತ್ತು. ಹನ್ನೊಂದನೆಯ ಮೆಟ್ಟಿಲಲ್ಲಿ ಅವರು ನಿಂತರು. ಚೀಲ ಕೆಳಗಿಟ್ಟು ಕಂಬಿ ಹಿಡಿದುಕೊಂಡರು. ನನ್ನೊಳಗೆ ಏನೋ ಸಡಿಲಾಯಿತು. ಅದು ಸಮಾಧಾನ. ಬೇರೆ ಹೆಸರು ಕೊಡಲು ಬಹಳ ಪ್ರಯತ್ನಿಸಿದ್ದೇನೆ, ಸಿಕ್ಕಿಲ್ಲ. ನೋಡು, ಒಂಬತ್ತೇ ಸರಿ, ಅವರದೇ ಎಂದುಕೊಂಡು ಹೊರಗೆ ಬಂದು ಒಂದು ಸಿಗರೇಟು ಹಚ್ಚಿದೆ. ಒಂದೇ ಒಂದು ಸಾಕ್ಷಿಯ ಮೇಲೆ ತೀರ್ಮಾನಕ್ಕೆ ಬರಬಾರದು ಎಂದು ಎಲ್ಲರಿಗೂ ಪಾಠ ಹೇಳುವವನು ನಾನು.

ಪೇಪರಿನಲ್ಲಿ ಫೋಟೋ ನೋಡಿದ ಮೇಲೆ, ಕ್ರಿಯೆಗಳೆಲ್ಲ ಮುಗಿದಿರಬಹುದಾದ ಒಂದು ಭಾನುವಾರ, ಫೋಟೋದ ಕೆಳಗೆ ಕೊಟ್ಟಿದ್ದ ವಿಳಾಸ ಹಿಡಿದು ಅವರ ಮಗಳ ಮನೆಗೆ ಹೋದೆ. ಸುಬ್ರಹ್ಮಣ್ಯಪುರದಲ್ಲಿ ಮೂರನೆಯ ಮಹಡಿ. ಎರಡನೆಯದರಲ್ಲಿ ನಿಂತು, ಗೋಡೆಯ ಮೇಲಿನ ಮೀಟರ್ ಬಾಕ್ಸುಗಳನ್ನು ಓದುವವನ ಹಾಗೆ ನಟಿಸಿ, ಉಸಿರು ತಹಬಂದಿಗೆ ಬಂದ ಮೇಲೆ ಹತ್ತಿದೆ.

“ಅಮ್ಮನ ಜೊತೆ ಲ್ಯಾಬಲ್ಲಿದ್ದೆ” ಎಂದೆ.

ಮಗಳು ನನ್ನನ್ನು ದಿಟ್ಟಿಸಿದಳು. “ಎಮ್ಮೆಸ್ಸಿನಾ ನೀವು?”

ಹೌದೆಂದೆ. ಅವಳು ಕೂರಿಸಿ ಕಾಫಿ ತಂದಳು. ಗೋಡೆಯ ಮೇಲೆ ಪೇಪರಿನಲ್ಲಿದ್ದ ಅದೇ ಫೋಟೋ, ಗಂಧದ ಹಾರ.

ನಾನು ಕೇಳಲು ಬಂದದ್ದನ್ನು ಸುತ್ತಿ ಬಳಸಿ ಕೇಳಿದೆ. “ಕೊನೆಗಾಲದಲ್ಲಿ ಉಸಿರಾಟಕ್ಕೆ ತುಂಬ ಕಷ್ಟವಾಯ್ತಾ?”

“ಅಮ್ಮಂಗಾ? ಇಲ್ವಲ್ಲ. ಉಸಿರಿನ ತೊಂದ್ರೆ ಯಾವತ್ತೂ ಇರ್ಲಿಲ್ಲ. ತಲೇಲಿ ನರ ಒಡೀತು ಅಂದ್ರು, ಎರಡೇ ದಿನ. ಹಿಂದಿನ ದಿನಾನೂ ಹೊಸಕೆರೆಹಳ್ಳಿ ತನಕ ನಡ್ಕೊಂಡು ಹೋಗಿ ಬಂದಿದ್ರು.”

“ಮೆಟ್ಟಿಲು ಹತ್ತೋವಾಗ ನಿಲ್ತಿದ್ರು ಅಂತ…”

“ಅದು ಮಂಡಿ. ಬಲಗಡೆ ಮಂಡಿ ಎಷ್ಟೋ ವರ್ಷದಿಂದ ಹೋಗಿತ್ತು, ಮೆಟ್ಟಿಲು ಹತ್ತೋವಾಗ ಮಾತ್ರ ನೋಯೋದು.”

ಕಾಫಿ ಲೋಟ ಕೆಳಗಿಟ್ಟೆ.

“ನಿಮ್ಮನ್ನ ಕೇಳ್ಬೇಕು ಅಂತಿದ್ದೆ” ಎಂದಳು ಅವಳು. “ಅಮ್ಮ ನಿಮ್ಮನ್ನ ಆರನೇ ನಂಬರು ಅಂತ ಯಾಕೆ ಅಂತಿದ್ರು? ಪೇಪರಲ್ಲಿ ಸಿಗರೇಟಿನ ವಿಷ್ಯ ಏನಾದ್ರೂ ಬಂದ್ರೆ ಸಾಕು, ‘ನಮ್ಮ ಆರನೇ ನಂಬರು ಬಿಟ್ನೋ ಇಲ್ವೋ’ ಅನ್ನೋರು. ದೇವರಿಗೆ ದೀಪ ಹಚ್ಚೋವಾಗ್ಲೂ ಒಂದೊಂದ್ಸಲ ಅನ್ನೋರು.”

“ಸುಮ್ನೆ, ರೋಲ್ ನಂಬರ್ ಥರ” ಎಂದೆ. ಆ ಮನೆಯಲ್ಲಿ, ಆ ಫೋಟೋದ ಕೆಳಗೆ ಕೂತೂ ಇನ್ನೊಂದು ಸುಳ್ಳು ಹೇಳಿದೆ.

ಮನೆಗೆ ಬಂದು ಹಳೆಯ ಟ್ರಂಕಿನಲ್ಲಿದ್ದ ನೋಟ್‌ಬುಕ್ಕು ತೆಗೆದೆ. ಅದನ್ನು ಎಸೆದಿರಲಿಲ್ಲ, ತೆರೆದೂ ಇರಲಿಲ್ಲ. ಆ ಗುರುವಾರದ ಪುಟದಲ್ಲಿ ಆರೋಗ್ಯವಂತರ ಪಟ್ಟಿ ನನ್ನ ಅಕ್ಷರದಲ್ಲೇ ಇತ್ತು. ೧ ಇತ್ತು, ೨ ಇತ್ತು, ಐದರವರೆಗೂ ಇತ್ತು. ಐದರ ನಂತರ ೯. ಆಮೇಲೆ ೭, ೮. ಅದರ ನಂತರ ಇನ್ನೊಂದು ೯. ಹನ್ನೆರಡು ಜನರ ಪಟ್ಟಿಯಲ್ಲಿ ಒಂಬತ್ತು ಎರಡು ಸಲ ಇತ್ತು, ಆರು ಇರಲೇ ಇಲ್ಲ. ಮೊದಲ ಒಂಬತ್ತಿನ ಬಾಲ ಉಳಿದ ಅಂಕಿಗಿಂತ ದಪ್ಪ. ಬೇರೆ ಪೆನ್ನು, ಅದೇ ಕೈ.

ಹೀಗೆ ಮಾಡಿದ್ದು ನನಗೆ ನೆನಪಿಲ್ಲ. ಇದು ನೆಪವಲ್ಲ, ನಿಜವಾಗಿಯೂ ನೆನಪಿಲ್ಲ. ನನ್ನ ನೆನಪಿನ ವಿರುದ್ಧ ನನ್ನದೇ ಅಕ್ಷರ ಸಾಕ್ಷಿ ಹೇಳುತ್ತಿತ್ತು, ಮತ್ತು ಎರಡರಲ್ಲಿ ಯಾವುದನ್ನು ನಂಬಬೇಕೆಂದು ನನಗೆ ಯೂನಿವರ್ಸಿಟಿಯಲ್ಲೇ ಕಲಿಸಿದ್ದರು. ನಾಲ್ಕು ದಿನ ಅವರು ತಮ್ಮ ತಾಯಿಯ ಸಾವನ್ನು ತಮ್ಮ ಎದೆಯಲ್ಲಿ ಹುಡುಕಿದ್ದು ಈ ಒಂದು ಬಾಲದಿಂದ. ಸೋಮವಾರ ತಮ್ಮ ಸ್ಲೈಡು ನೋಡಿದ ಕೂಡಲೇ ಅವರಿಗೆ ಎಲ್ಲ ಗೊತ್ತಾಗಿರಬೇಕು. ಗೊತ್ತಾದ ಮೇಲೆ, ಅದುವರೆಗೆ ತಮಗಾಗಿ ಪಟ್ಟ ಹೆದರಿಕೆಯನ್ನು ಅವರು ಬಿಸಾಕಲಿಲ್ಲ. ನನ್ನ ಹೆಸರಿಗೆ ವರ್ಗಾಯಿಸಿ, ಹತ್ತು ವರ್ಷ ತಾವೇ ಇಟ್ಟುಕೊಂಡರು. ಈಗ ಅವರಿಲ್ಲ. ಅದು ನನ್ನ ಹತ್ತಿರ ಬಂದಿದೆ.

ಮಂಗಳವಾರ ಬೆಳಿಗ್ಗೆ ಬನಶಂಕರಿಯ ಎದೆರೋಗದ ಕ್ಲಿನಿಕ್ಕೊಂದಕ್ಕೆ ಹೋದೆ. ಲವಂಗ ಹಾಕಿಕೊಂಡಿರಲಿಲ್ಲ. ಫಾರಂ ಕೊಟ್ಟರು, ಅದೇ ಮೂರು ಆಯ್ಕೆ. ‘ಈಗ ಇದೆ’ ಎಂಬುದಕ್ಕೆ ಗುರುತು ಹಾಕಿದೆ. ಕೊಳವೆಗೆ ಊದಿಸಿದರು. ಯಂತ್ರದ ಮೇಲೆ ಮೂಡಿದ ಗೆರೆ ಏರಬೇಕಾದಷ್ಟು ಏರದೆ ಬಾಗಿತು. ಆ ಬಾಗನ್ನು ಓದಲು ನನಗೆ ಡಾಕ್ಟರು ಬೇಕಿರಲಿಲ್ಲ. ಕಫ ಪರೀಕ್ಷೆಯನ್ನೂ ಬರೆದುಕೊಟ್ಟರು.

ಲ್ಯಾಬಿನ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಡಬ್ಬಿ ಕೊಟ್ಟು ಎದುರಿಗೇ ನಿಂತಳು, ನನ್ನನ್ನೇ ನೋಡುತ್ತ.

“ಕಫ ಬೇಕು ಅಂಕಲ್. ಎಂಜಲು ಬೇಡ.”

“ಗೊತ್ತಮ್ಮ” ಎಂದೆ. “ನೀನು ಸ್ವಲ್ಪ ಆ ಕಡೆ ತಿರುಗ್ತೀಯಾ?”

ಅವಳು ಏನೋ ಗೊಣಗಿ ಕಿಟಕಿಯ ಕಡೆ ತಿರುಗಿದಳು. ಎರಡು ಕೆಮ್ಮು ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ನಾನು ಕಾದೆ. ಆಮೇಲೆ ನನ್ನದೇ ಎದೆ ಕಲಕಿ, ಆಳದಲ್ಲೆಲ್ಲೋ ಒಂದು ಗಟ್ಟಿ ತುಣುಕು ಕಿತ್ತು, ಮೇಲೆ ಬಂದು, ನಾಲಗೆಯ ಬುಡದಲ್ಲಿ ಹಳೆಯ ಜಾಗದಲ್ಲೇ ನಿಂತಿತು.

ಈ ಸಲ ನುಂಗಲಿಲ್ಲ.